ತುದಿ ಕಣ್ಣೆದುರಿಗೇ ಇತ್ತು, ಗೈಡ್ ವಾಪಸ್ ಅಂದುಬಿಟ್ಟರು. ಸರೀನಾ?

ತುದಿಗಾಲು (ಚರ್ಚೆ ಶುರು ಮಾಡಿದವರು)

ಹೋದ ತಿಂಗಳು ಒಂದು ಗೈಡೆಡ್ ಹೈಕ್‌ಗೆ ಹೋಗಿದ್ದೆ. ಬೆಟ್ಟದ ಹೆಸರು, ಕರಕೊಂಡು ಹೋದವರ ಹೆಸರು ಎರಡೂ ಬೇಡ, ಜಗಳ ಆಡೋಕೆ ಬಂದಿಲ್ಲ. ಒಂದೇ ದಿನದಲ್ಲಿ ಹತ್ತಿ ಇಳಿಯೋ ಬೆಟ್ಟ, ಹಗ್ಗ ಗಿಗ್ಗ ಏನೂ ಬೇಕಿಲ್ಲ. ನಾವು ಒಂಬತ್ತು ಜನ, ಗೈಡ್ ಒಬ್ಬರು.

11:40ಕ್ಕೆ ಕೊನೇ ಏರಿನ ಬುಡದಲ್ಲಿ ನಿಂತಿದ್ದೀವಿ. ತುದಿಯಲ್ಲಿರೋ ಕಲ್ಲುಗುಪ್ಪೆ ಬರಿಗಣ್ಣಿಗೇ ಕಾಣ್ತಿದೆ. ಅದರ ಪಕ್ಕ ಯಾರೋ ಕೆಂಪು ಜಾಕೆಟ್‌ನವರು ಕೈ ಬೀಸ್ತಿದಾರೆ. ಆಕಾಶ ತೊಳೆದಿಟ್ಟ ಹಾಗಿದೆ. ಗೈಡ್ ವಾಚ್ ನೋಡಿದ್ರು, ಕಣಿವೆ ಕಡೆ ಒಂದು ಸಲ ಕಣ್ಣು ಹಾಯಿಸಿದ್ರು, "ಇಲ್ಲಿಂದ ವಾಪಸ್" ಅಂದ್ರು. ಅಷ್ಟೇ ಮಾತು.

ಹೆಚ್ಚೆಂದರೆ ಅರ್ಧ ಗಂಟೆ ದಾರಿ. ನಾವು ಮೂರು ಜನ ಬೇಗ ಹೋಗಿ ಬರ್ತೀವಿ, ಉಳಿದವರು ಇಲ್ಲೇ ಕೂತಿರಲಿ ಅಂತಾನೂ ಕೇಳಿದ್ವಿ. "ಆಗಲ್ಲ" ಅಂತ ಬ್ಯಾಗ್ ಹೆಗಲಿಗೇರಿಸಿದ್ರು. ಇಳಿಯೋ ಅಷ್ಟು ಹೊತ್ತೂ ನಾನು ಅವರ ಜೊತೆ ಒಂದು ಮಾತೂ ಆಡಲಿಲ್ಲ. ಮಳೆ ಬಂತಾ ಅಂತ ಕೇಳ್ತೀರಿ. ಬಂತು, ಆದರೆ ನಾಲ್ಕೂವರೆಗೆ. ಅಷ್ಟೊತ್ತಿಗೆ ನಾವು ವ್ಯಾನ್ ಹತ್ತಿ ಕೂತಾಗಿತ್ತು.

ದುಡ್ಡು ಕೊಟ್ಟಿದ್ದು ತುದಿ ಮುಟ್ಟೋಕೆ. ಇದನ್ನ ಎಚ್ಚರಿಕೆ ಅನ್ನಬೇಕೋ ಸೋಮಾರಿತನ ಅನ್ನಬೇಕೋ ನೀವೇ ಹೇಳಿ.

ಒಂಟಿಸಲಗ

ಅದಕ್ಕೇ ಗುರೂ ನಾನು ಗೈಡ್ ಸಹವಾಸಕ್ಕೇ ಹೋಗಲ್ಲ. ಫೋನಲ್ಲಿ ಮ್ಯಾಪ್ ಇದೆ, ದಾರಿ ತುಂಬ ಬಾಣದ ಗುರುತಿದೆ, ಕಾಲು ನಂದು. ಇನ್ನೊಬ್ಬನ ವಾಚ್ ನೋಡ್ಕೊಂಡು ನಾನ್ಯಾಕೆ ಇಳೀಬೇಕು?

ಹಳೇಬೂಟು

ಇಪ್ಪತ್ತು ವರ್ಷಕ್ಕೂ ಮೇಲೆ ಜನರನ್ನು ಬೆಟ್ಟ ಹತ್ತಿಸಿ ಇಳಿಸಿದ್ದೇನೆ. ಈಗ ಮಂಡಿ ಒಪ್ಪುವುದಿಲ್ಲ, ಅದಕ್ಕೇ ಇಲ್ಲಿ ಕೂತು ಬರೆಯುತ್ತೇನೆ.

ತುದಿಗಾಲು ಅವರೇ, ತೀರ್ಪು ಆಮೇಲೆ. ಮೊದಲು ಇಷ್ಟು ಹೇಳಿ. ಹೊರಟಿದ್ದು ಎಷ್ಟು ಹೊತ್ತಿಗೆ, ಹೊರಡಬೇಕಿದ್ದು ಎಷ್ಟು ಹೊತ್ತಿಗೆ? ಅಲ್ಲಿವರೆಗೆ ಎಷ್ಟು ಕಿಲೋಮೀಟರ್, ಎಷ್ಟು ಏರು? ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇದ್ದವರು ಆ ಹೊತ್ತಿಗೆ ಹೇಗಿದ್ದರು? ಕೊನೆಯದು, ನನ್ನ ಪಾಲಿಗೆ ಇದೇ ಮುಖ್ಯ: ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ ಅಂತ ಬೆಳಿಗ್ಗೆ ಬುಡದಲ್ಲೇ ಹೇಳಿದ್ದರಾ?

ತುದಿಗಾಲು

ಸರ್, ವಾಚ್‌ನಲ್ಲಿ ರೆಕಾರ್ಡ್ ಆಗಿದೆ, ನೋಡಿ ಹೇಳ್ತಿದೀನಿ. 5:30ಕ್ಕೆ ಹೊರಡಬೇಕಿತ್ತು, ಹೊರಟಿದ್ದು 6:15ಕ್ಕೆ. 11:40ಕ್ಕೆ 6 ಕಿ.ಮೀ. ಆಗಿತ್ತು, 950 ಮೀಟರ್ ಏರಿದ್ವಿ. ಉಳಿದಿದ್ದು 1 ಕಿ.ಮೀ., 200 ಮೀಟರ್ ಏರು. ಹಿಂದೆ ಒಬ್ಬರು ದಂಪತಿ ಇದ್ರು, ಆಕೆ ಸ್ವಲ್ಪ ಸುಸ್ತಾಗಿದ್ರು, ಕೂತ್ರೆ ಏಳೋಕೆ ಹೊತ್ತು ತಗೋತಿದ್ರು.

ತಿರುಗೋ ಟೈಮ್ ಬೆಳಿಗ್ಗೆ ಹೇಳಿರಲಿಲ್ಲ. ಅದು ಮಾತ್ರ ಗ್ಯಾರಂಟಿ.

ದಿಗಂತ

ಲೆಕ್ಕ ಮಾಡೋಣ ಬನ್ನಿ, ಇದಕ್ಕೆ ಹಳೆಯ ಸೂತ್ರವೊಂದಿದೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು. 3 ಮೈಲಿಗೆ ಒಂದು ಗಂಟೆ, ಜೊತೆಗೆ 2000 ಅಡಿ ಏರಿಗೆ ಮತ್ತೊಂದು ಗಂಟೆ. ನಮ್ಮ ಅಳತೆಗೆ ತಂದರೆ ಗಂಟೆಗೆ 5 ಕಿ.ಮೀ., 600 ಮೀಟರ್ ಏರಿಗೆ ಇನ್ನೊಂದು ಗಂಟೆ.

6 ಕಿ.ಮೀ.ಗೆ 72 ನಿಮಿಷ, 950 ಮೀಟರಿಗೆ 95. ಒಟ್ಟು 167 ನಿಮಿಷ. ನೀವು ತೆಗೆದುಕೊಂಡದ್ದು 5 ಗಂಟೆ 25 ನಿಮಿಷ, ಅಂದರೆ 325. ಹತ್ತಿರ ಹತ್ತಿರ ಎರಡರಷ್ಟು. ನೈಸ್ಮಿತ್ ಲೆಕ್ಕದಲ್ಲಿ ವಿಶ್ರಾಂತಿ ಇಲ್ಲ, ಫೋಟೋ ಇಲ್ಲ, ಶೂ ಲೇಸ್ ಕಟ್ಟುವುದೂ ಇಲ್ಲ. ಹಾಗಾಗಿ ಗುಂಪು ಅದಕ್ಕಿಂತ ನಿಧಾನವಾಗುವುದು ಸಹಜವೇ. ಆದರೆ ಎರಡರಷ್ಟು ಅಂದರೆ ಗೈಡ್ ಬೆಳಗಿನಿಂದಲೇ ಮನಸ್ಸಲ್ಲೇ ಕಳೆಯುತ್ತಾ ಬಂದಿರುತ್ತಾರೆ.

ಉಳಿದದ್ದಕ್ಕೆ ಸೂತ್ರದ ಪ್ರಕಾರ 32 ನಿಮಿಷ. ನಿಮ್ಮ "ಅರ್ಧ ಗಂಟೆ" ಬಂದದ್ದು ಅಲ್ಲಿಂದ, ಪುಸ್ತಕದಲ್ಲಿ ಅದು ಸರಿ. ನಿಮ್ಮ ಗುಂಪಿನ ನಡಿಗೆಗೆ ಅದು ಒಂದು ಗಂಟೆ. 12:40ಕ್ಕೆ ತುದಿ, ಫೋಟೋ ಮುಗಿಸಿ ಹೊರಟಾಗ 1 ಗಂಟೆ. ಅರ್ಧದಿಂದ ಇಳಿಯಲು ಎಷ್ಟು ಹೊತ್ತಾಯಿತು?

ತುದಿಗಾಲು

ಮೂರೂವರೆ ಗಂಟೆ. 3:10ಕ್ಕೆ ಕೆಳಗಿದ್ವಿ.

ದಿಗಂತ

ತುದಿಯಿಂದ ಆದರೆ ನಾಲ್ಕು ಗಂಟೆ ಅಂದುಕೊಳ್ಳಿ. 5 ಗಂಟೆಗೆ ಕೆಳಗೆ. ಮಳೆ ಬಂದದ್ದು ನಾಲ್ಕೂವರೆಗೆ. ವ್ಯಾನಿನ ಗಾಜಿನಾಚೆ ನೋಡಿದ ಮಳೆ ತಲೆ ಮೇಲೇ ಬಿದ್ದಿರುತ್ತಿತ್ತು, ಅದೂ ಸುಸ್ತಾದವರನ್ನು ಕಟ್ಟಿಕೊಂಡು ಇಳಿಜಾರಿನಲ್ಲಿ.

ಆಕಾಶ ತೊಳೆದಿಟ್ಟ ಹಾಗಿತ್ತು ಅಂದಿರಿ. ಬೆಟ್ಟದಲ್ಲಿ ಮಧ್ಯಾಹ್ನಕ್ಕೆ ಮುಂಚಿನ ಆಕಾಶ ಸಾಕ್ಷಿಗೆ ಬರುವುದಿಲ್ಲ. ಬಿಸಿಲಿಗೆ ಇಳಿಜಾರು ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗಿ ಅದರಲ್ಲಿದ್ದ ತೇವ ಮೋಡವಾಗುತ್ತದೆ. ಬೇಸಿಗೆಯ ದಿನ ಸಿಡಿಲು ಮಳೆ ಹೆಚ್ಚಾಗಿ ಮಧ್ಯಾಹ್ನ, ಸಂಜೆಗೆ ಬರುವುದು ಇದಕ್ಕೇ. ನಿಮ್ಮ ಗೈಡ್ ನೋಡಿದ್ದು ಆಕಾಶವನ್ನಲ್ಲ, ಕಣಿವೆಯನ್ನು. ಅಲ್ಲಿ ಹತ್ತಿಯುಂಡೆಯ ಹಾಗೆ ಏನಾದರೂ ಉಬ್ಬುತ್ತಿತ್ತಾ?

ತುದಿಗಾಲು

ಇತ್ತು ಅನ್ಸುತ್ತೆ. ಒಂದು ಫೋಟೋದಲ್ಲಿ ಮೂಲೆಯಲ್ಲಿ ಕಾಣ್ತಿದೆ. ನಾನು ಅದನ್ನ ಚೆಂದ ಇದೆ ಅಂತ ತೆಗೆದಿದ್ದೆ.

ಹಗ್ಗದಗಂಟು

ಗೈಡ್ ಮತ್ತು ದುಡ್ಡು ಕೊಟ್ಟವರ ಈ ಜಗ್ಗಾಟಕ್ಕೆ ಇನ್ನೂರು ವರ್ಷ ದಾಟಿದೆ. ಫ್ರಾನ್ಸಿನ ಶಾಮೋನಿಯಲ್ಲಿ 1786ರ ಆಗಸ್ಟ್ 8ರಂದು ಬಲ್ಮಾ ಮತ್ತು ಪಕ್ಕಾರ್ ಅನ್ನುವ ಅಲ್ಲಿನವರಿಬ್ಬರು ಮೊದಲ ಸಲ ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತದ ತುದಿ ಮುಟ್ಟಿದರು. ಆಮೇಲೆ ಹೊರಗಿನಿಂದ ಬರುವವರ ಸಾಲು ಹತ್ತಿತು, ಊರಿನವರೇ ದಾರಿ ತೋರಿಸುವವರಾದರು. 1820ರಲ್ಲಿ ಹ್ಯಾಮೆಲ್ ಅನ್ನುವವರ ತಂಡದ ಮೇಲೆ ಹಿಮ ಕುಸಿಯಿತು. ಸತ್ತ ಮೂವರೂ ಗೈಡ್‌ಗಳು, ಬಂದ ಅತಿಥಿಗಳು ಬದುಕಿದರು. ಮರುವರ್ಷ, 1821ರಲ್ಲಿ, ಶಾಮೋನಿಯ ಗೈಡ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು. ಅದು ಇವತ್ತಿಗೂ ಇದೆ. ಸತ್ತವರ ಮನೆಯವರಿಗೆ ಆಸರೆಯಾಗಲು ಒಂದು ನಿಧಿ ಇಟ್ಟರು, ಯಾರ ಸರದಿ ಯಾವಾಗ ಅನ್ನುವುದಕ್ಕೂ ನಿಯಮ ಮಾಡಿದರು.

ಆ ಮೂವರ ದೇಹದ ಅವಶೇಷ ಸಿಕ್ಕಿದ್ದು 1861ರಲ್ಲಿ. ಹಿಮನದಿ ಅವನ್ನು ನಲವತ್ತೊಂದು ವರ್ಷ ಹೊತ್ತುಕೊಂಡು ಬಂದು ಕೆಳಗೆ ಬಿಟ್ಟಿತ್ತು.

ಒಂಟಿಸಲಗ

ಸ್ವಾಮೀ, ಅದು ಹಿಮದ ಬೆಟ್ಟ. ಇಲ್ಲಿ ಮಾತು ಬಂದಿರೋದು ಭಾನುವಾರದ ಹೈಕ್ ಬಗ್ಗೆ. ಆಮೇಲೆ 1996ರ ಎವರೆಸ್ಟ್ ಕಥೇನೂ ತರ್ತೀರಾ ಗೊತ್ತು.

ಹಗ್ಗದಗಂಟು

ನೀವೇ ತಂದಿರಲ್ಲ, ಮುಗಿಸುತ್ತೇನೆ. 1996ರ ಮೇ 10ರಂದು ಮಧ್ಯಾಹ್ನ 2 ಗಂಟೆ ದಾಟಿದ ಮೇಲೂ ಜನ ಮೇಲಕ್ಕೇ ಹೋಗುತ್ತಿದ್ದರು. ಆ ಬಿರುಗಾಳಿಗೆ ಎಂಟು ಜನ ಹೋದರು, ಅದರಲ್ಲಿ ತಂಡ ಕಟ್ಟಿಕೊಂಡು ಬಂದಿದ್ದ ಅನುಭವಿ ಗೈಡ್‌ಗಳೂ ಇದ್ದರು. ಭಾನುವಾರದ ಬೆಟ್ಟಕ್ಕೂ ಎವರೆಸ್ಟಿಗೂ ಹೋಲಿಕೆ ಇಲ್ಲ, ಒಪ್ಪಿದೆ. ತುದಿ ಕಣ್ಣಿಗೆ ಬಿದ್ದ ಮೇಲೆ ತಲೆ ಕೆಲಸ ಮಾಡುವ ರೀತಿ ಮಾತ್ರ ಎರಡೂ ಕಡೆ ಒಂದೇ.

ನಿಧಾನಿ

"ನಾವು ಮೂರು ಜನ ಹೋಗಿ ಬರ್ತೀವಿ" ಅನ್ನೋ ಮಾತಿಗೆ ನನ್ನದೊಂದು ಅನುಭವ ಇದೆ, ಸ್ವಲ್ಪ ಉದ್ದ.

ಆಫ್ರಿಕಾದ ಕಿಲಿಮಂಜಾರೋ ಬೆಟ್ಟಕ್ಕೆ ನಾನೂ ನನ್ನ ಗೆಳತಿಯೂ ಹೋಗಿದ್ವಿ. ಅಲ್ಲಿ ಗೈಡ್ ಇಲ್ಲದೆ ಹತ್ತೋಕೆ ಬಿಡಲ್ಲ, ಅದು ನಿಯಮ. ಮೊದಲ ದಿನದಿಂದ ಮುಖ್ಯ ಗೈಡ್ ಬಾಯಲ್ಲಿ ಒಂದೇ ಮಾತು, ಪೋಲೆ ಪೋಲೆ. ಸ್ವಾಹಿಲಿಯಲ್ಲಿ ನಿಧಾನ ನಿಧಾನ ಅಂತ. ನನ್ನ ಈ ಹೆಸರು ಅಲ್ಲಿಂದಾನೇ ಬಂದಿದ್ದು. ಎಷ್ಟು ನಿಧಾನ ಅಂದ್ರೆ, ನನ್ನ ಮುಂದಿನವರ ಬೂಟಿನ ಹಿಮ್ಮಡಿಯಲ್ಲಿ ಹೊಲಿಗೆ ಎಷ್ಟು ಅಂತ ಎಣಿಸಿ ಮುಗಿಸಿದ್ದೆ. ಮೂರನೇ ದಿನ ಲಾವಾ ಟವರ್ ಅನ್ನೋ ಬಂಡೆ ತನಕ, 4600 ಮೀಟರ್ ದಾಟಿ ಹತ್ತಿಸಿ, ರಾತ್ರಿ ಮಲಗೋಕೆ ಮತ್ತೆ 3900ರ ಹತ್ತಿರಕ್ಕೆ ಇಳಿಸಿದ್ರು. ಹತ್ತಿದ್ದನ್ನ ಇಳಿಸ್ತಾರಲ್ಲ ಅಂತ ಹೊಟ್ಟೆ ಉರಿದಿತ್ತು. ಎತ್ತರಕ್ಕೆ ಹೋಗಿ ತಗ್ಗಿನಲ್ಲಿ ಮಲಗಿದ್ರೆ ಮೈ ಒಗ್ಗಿಕೊಳ್ಳುತ್ತೆ ಅನ್ನೋದು ಆಮೇಲೆ ತಿಳೀತು.

ತುದಿಗೆ ಹೊರಡೋದು ನಡುರಾತ್ರಿ. ಕತ್ತಲಲ್ಲಿ ಮೇಲೂ ಕೆಳಗೂ ಹಣೆಗೆ ಕಟ್ಟಿಕೊಂಡ ಹೆಡ್‌ಲ್ಯಾಂಪ್‌ಗಳ ಸಾಲು. ಸುಮಾರು ಮೂರು ಗಂಟೆ ಹತ್ತಿದ ಮೇಲೆ ಗೆಳತಿ ಮಾತು ನಿಲ್ಲಿಸಿದಳು. ತಲೆನೋವು ಅಂತ ಮೊದಲೇ ಅಂದಿದ್ದಳು, ವಾಂತಿ ಒಂದು ಸಲ ಆಗಿತ್ತು. ಗೈಡ್ ಅವಳನ್ನ ನಿಲ್ಲಿಸಿ, ನೆಲದ ಮೇಲೆ ಕೋಲಿಂದ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೆ ನಡಿ ಅಂದ್ರು. ನಾಲ್ಕನೇ ಹೆಜ್ಜೆಗೆ ಪಕ್ಕಕ್ಕೆ ವಾಲಿಬಿಟ್ಟಳು. ನಾನು ಚೆನ್ನಾಗಿದೀನಿ ಅಂತ ಜಗಳಕ್ಕೆ ನಿಂತಳು, ಅತ್ತಳು. ಅವರು ವಾದ ಮಾಡ್ಲೇ ಇಲ್ಲ. ಸಹಾಯಕ ಗೈಡ್ ಜೊತೆ ಆ ಕ್ಷಣವೇ ಕೆಳಕ್ಕೆ ಕಳಿಸಿದ್ರು. ನಾನು ಮುಖ್ಯ ಗೈಡ್ ಜೊತೆ ಮೇಲೆ ಹೋದೆ. 5895 ಮೀಟರ್, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಆಸುಪಾಸು. ಅಲ್ಲಿ ನಿಂತು ನಾನು ಅವಳನ್ನ ನೆನೆಸಿಕೊಂಡೆ ಅಂತ ಬರೆದರೆ ಸುಳ್ಳಾಗುತ್ತೆ, ಬೆರಳು ಮರಗಟ್ಟಿದೆ ಅನ್ನೋದು ಬಿಟ್ಟು ತಲೆಗೆ ಏನೂ ಬರ್ತಿರಲಿಲ್ಲ. ಕೆಳಗೆ ಬಂದಾಗ ಅವಳು ಟೆಂಟ್ ಹೊರಗೆ ಬಿಸಿಲು ಕಾಯಿಸ್ತಾ ಕೂತಿದ್ದಳು. ಸಾವಿರ ಮೀಟರ್ ಇಳಿದಿದ್ದಕ್ಕೆ ತಲೆನೋವು ಹೋಗಿತ್ತು, ನನ್ನ ಮೇಲಿನ ಸಿಟ್ಟು ಇತ್ತು.

ನಾನು ಹೇಳೋಕೆ ಹೊರಟಿದ್ದು, ಅಲ್ಲಿ ಗೈಡ್ ಇಬ್ಬರಿದ್ರು. ಅದಕ್ಕೇ ಗುಂಪು ಒಡೆದು ಎರಡಾಗೋಕೆ ಆಯ್ತು. ನಿಮ್ಮಲ್ಲಿ ಒಂಬತ್ತು ಜನಕ್ಕೆ ಒಬ್ಬರು. ಅವರು ನಿಮ್ಮ ಮೂವರ ಜೊತೆ ಬಂದ್ರೆ ಸುಸ್ತಾದ ಆಕೆ ಅನಾಥ. ಅವರ ಜೊತೆ ಕೂತ್ರೆ ನೀವು ಮೂವರೂ ಗೈಡ್ ಇಲ್ಲದವರು.

ಹಳೇಬೂಟು

ನಿಧಾನಿ ಅಮ್ಮ ಹೇಳಿದ ಗೆರೆಯ ಪರೀಕ್ಷೆಯನ್ನು ಎತ್ತರಕ್ಕೆ ಹೋಗುವ ಎಲ್ಲರೂ ನೆನಪಿಟ್ಟುಕೊಳ್ಳಿ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು 2500 ಮೀಟರ್ ಮೇಲೆ ಯಾರಿಗಾದರೂ ಬರಬಹುದು, ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ. ನಿಂತಲ್ಲಿಂದ ಮುಂದೆ ಏರದೆ ಕಾಯಬೇಕು. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಕೂತಿದ್ದಾಗಲೂ ಏದುಸಿರು ಇದ್ದರೆ ಕಾಯುವುದು ಬೇಡ, ರಾತ್ರಿಯಾದರೂ ಇಳಿಸಬೇಕು. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು. ಇದನ್ನು ಪಾಲಿಸದ ವೇಳಾಪಟ್ಟಿ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಹೋಗಬೇಡಿ.

ಈಗ ತೀರ್ಪು. ನಿರ್ಧಾರ ಸರಿ, ಹೇಳಿದ ರೀತಿ ತಪ್ಪು. ನಾನು ಬೆಳಿಗ್ಗೆ ಬೂಟು ಕಟ್ಟುವ ಮೊದಲೇ ಎಲ್ಲರನ್ನೂ ನಿಲ್ಲಿಸಿ ಹೇಳುತ್ತಿದ್ದೆ: "ಹನ್ನೊಂದೂವರೆಗೆ ತಿರುಗುತ್ತೇವೆ. ತುದಿಗೆ ಹತ್ತು ಹೆಜ್ಜೆ ಇದ್ದರೂ ತಿರುಗುತ್ತೇವೆ. ಒಪ್ಪಿಗೆ ಇಲ್ಲದವರು ಈಗಲೇ ಹೇಳಿ." ಆಗ ಯಾರೂ ಜಗಳ ಆಡುವುದಿಲ್ಲ, ಯಾಕೆಂದರೆ ಆಗ ತುದಿ ಕಾಣುತ್ತಿರುವುದಿಲ್ಲ. ಅದೇ ಮಾತನ್ನು ಮೇಲೆ ನಿಂತು ಮೊದಲ ಸಲ ಹೇಳಿದರೆ ಕಸಿದುಕೊಂಡ ಹಾಗೆ ಕೇಳಿಸುತ್ತದೆ. ಒಂಬತ್ತು ಗಂಟೆಗೆ ಒಮ್ಮೆ "ಹಿಂದೆ ಬಿದ್ದಿದ್ದೇವೆ" ಅಂತ ಎಚ್ಚರಿಸಿದ್ದರೂ ಸಾಕಿತ್ತು. ಅಷ್ಟು ಮಾತಾಡಲು ಬಾರದ ಗೈಡ್ ದಾರಿ ಎಷ್ಟೇ ಬಲ್ಲವನಾದರೂ ಅರ್ಧ ಗೈಡ್.

45 ನಿಮಿಷ ತಡವಾಯಿತಲ್ಲ, ಯಾಕೆ?

ತುದಿಗಾಲು

ಅದು… ಒಬ್ಬರ ಹೆಡ್‌ಲ್ಯಾಂಪ್ ಹತ್ತಲಿಲ್ಲ. ಕತ್ತಲಲ್ಲಿ ನಡೆಯೋಕಾಗಲ್ಲ ಅಂತ ಬೆಳಕು ಹರಿಯೋ ತನಕ ಕಾದ್ವಿ.

ಮಂಡಿಚಿಪ್ಪು

ನಾನು ಫಿಸಿಯೋಥೆರಪಿಸ್ಟ್. ಬೆಟ್ಟದಿಂದ ಬರುವವರು ನನ್ನ ಹತ್ತಿರ ತರೋದು ಇಳಿದ ನೋವು, ಹತ್ತಿದ ನೋವಲ್ಲ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದ ಆಗ್ತಾ ಆಗ್ತಾನೇ ಮೈಭಾರ ತಡೀಬೇಕು, ಬ್ರೇಕ್ ಒತ್ತಿಕೊಂಡೇ ಗಾಡಿ ಬಿಟ್ಟ ಹಾಗೆ. ಆ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸೀಳು ಬೀಳುತ್ತೆ, ನೋವು ಮಾರನೇ ದಿನ, ಅದರಾಚೆ ದಿನ ಏರುತ್ತೆ. ಮೇಲೆ ಉಸಿರು ಕಟ್ಟಿದ್ರೆ ನಿಂತ್ಕೋಬಹುದು. ಇಳಿಜಾರಲ್ಲಿ ತೊಡೆ ನಡುಗೋಕೆ ಶುರುವಾದ್ರೆ ನಿಂತರೂ ನಡುಗುತ್ತೆ. "ಕೂತ್ರೆ ಏಳೋಕೆ ಹೊತ್ತು ತಗೋತಿದ್ರು" ಅಂದ್ರಲ್ಲ, ಆಕೆ ಕಾಲಲ್ಲಿ ಆಗಲೇ ಮುಗಿದಿತ್ತು. ಇಳಿಯೋಕೆ ಬೇಕಾದ್ದನ್ನ ಅವರು ಹತ್ತೋಕೇ ಖರ್ಚು ಮಾಡಿಬಿಟ್ಟಿದ್ರು.

ಎರಡು ಕೈಗೂ ಕೋಲು ಹಿಡೀರಿ, ಇಳಿಯುವಾಗ ಸ್ವಲ್ಪ ಉದ್ದ ಮಾಡ್ಕೊಳ್ಳಿ, ಹೆಜ್ಜೆ ಚಿಕ್ಕದಿರಲಿ. ಜಿಮ್‌ನಲ್ಲಿ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿ ಲಿಫ್ಟಲ್ಲಿ ಇಳಿಯೋರನ್ನ ನೋಡಿದ್ರೆ ನಗು ಬರುತ್ತೆ. ಮೆಟ್ಟಿಲಲ್ಲೇ ಇಳಿದು ಕಲೀರಿ.

ಹಗ್ಗದಗಂಟು

ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಬೆಟ್ಟದ ದುರಂತ ಕೂಡ ಇಳಿಯುವಾಗಲೇ. 1865ರ ಜುಲೈ 14, ಮೊದಲ ಸಲ ಏಳು ಜನ ತುದಿಗೆ ಹೋದರು, ಮೂವರು ಹಿಂದಿರುಗಿದರು. ಒಬ್ಬರ ಕಾಲು ಜಾರಿತು, ಹಗ್ಗ ಹರಿಯಿತು. ಸರಿ, ಹಳೇ ಕಥೆ ಸಾಕು.

ದಿಗಂತ

ಒಂದು ಬೇರೆ ಪ್ರಶ್ನೆ. ತುದಿಗಾಲು ಅವರು ನೋಡಬೇಕಿದ್ದದ್ದು ಏನು? ತುದಿಯನ್ನೋ, ತುದಿಯಿಂದ ಕಾಣುವುದನ್ನೋ?

ಎತ್ತರದ ವರ್ಗಮೂಲದ ಲೆಕ್ಕದಲ್ಲಿ ದಿಗಂತ ದೂರ ಹೋಗುತ್ತದೆ. ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ. ಸುತ್ತಲಿನ ನೆಲಕ್ಕಿಂತ 1000 ಮೀಟರ್ ಮೇಲಿದ್ದರೆ 113 ಕಿ.ಮೀ. ಇನ್ನೂ 200 ಮೀಟರ್ ಏರಿದರೆ 124. ಬಿಟ್ಟುಬಂದದ್ದು ಆ 11 ಕಿಲೋಮೀಟರ್, ಅದೂ ಮಬ್ಬಿನಲ್ಲಿ ಕಲಸಿಹೋಗುವ ಅಂಚು.

ಇನ್ನೊಂದು, ತುದಿ ಮೇಲೆ ನಿಂತವನಿಗೆ ತುದಿ ಕಾಣುವುದಿಲ್ಲ. ಎವರೆಸ್ಟ್ ಬೇಸ್ ಕ್ಯಾಂಪ್ ತನಕ ದಿನಗಟ್ಟಲೆ ನಡೆದವರು ಅಲ್ಲಿಂದ ಎವರೆಸ್ಟ್ ನೆತ್ತಿ ಕಾಣದೆ ಪೆಚ್ಚಾಗುತ್ತಾರೆ. ಅದಕ್ಕೇ ಪಕ್ಕದ ಕಾಲಾ ಪತ್ಥರ್ ಹತ್ತುವುದು. ನಾರ್ವೆಯ ಪ್ರೇಕೆಸ್ಟೋಲೆನ್ ಶಿಖರವೇ ಅಲ್ಲ, 604 ಮೀಟರ್ ಎತ್ತರದ ಒಂದು ಚಪ್ಪಟೆ ಬಂಡೆಯಂಚು, ಕೆಳಗೆ ನೆಟ್ಟಗೆ ನೀರು. ಬೇಲಿಯೂ ಇಲ್ಲ. ಜನ ಅದಕ್ಕೇ ಮುಗಿಬೀಳುತ್ತಾರೆ.

ನನ್ನ ಆಸೆ ಇನ್ನೂ ಬೇರೆ. ಬೆಳಗಿನ ಜಾವ ತುದಿಯಲ್ಲಿದ್ದರೆ ಎಲ್ಲರೂ ಸೂರ್ಯನ ಕಡೆ ತಿರುಗಿರುತ್ತಾರೆ, ನಾನು ಬೆನ್ನು ಹಾಕಿ ನಿಲ್ಲುತ್ತೇನೆ. ಬೆಟ್ಟದ ನೆರಳು ಮಂಜಿನ ಮೇಲೆ ಮೈಲಿಗಟ್ಟಲೆ ಚಾಚಿರುತ್ತದೆ, ಚೂಪಾದ ತ್ರಿಕೋನ. ಬೆಟ್ಟ ಮೊಂಡಾಗಿದ್ದರೂ ನೆರಳು ತ್ರಿಕೋನವೇ, ರೈಲು ಹಳಿ ದೂರದಲ್ಲಿ ಕೂಡಿದ ಹಾಗೆ ಕಾಣುತ್ತದಲ್ಲ ಹಾಗೆ. ಶ್ರೀಲಂಕಾದ ಶ್ರೀಪಾದ, ಜಪಾನಿನ ಫ್ಯೂಜಿ ಎರಡೂ ಈ ನೆರಳಿಗೆ ಹೆಸರುವಾಸಿ. ಬೆನ್ನ ಹಿಂದೆ ಬಿಸಿಲು, ಎದುರಿಗೇ ಮಂಜು ಇದ್ದರೆ ನಿಮ್ಮದೇ ನೆರಳು, ತಲೆಯ ಸುತ್ತ ಬಣ್ಣದ ಬಳೆ. ಜರ್ಮನಿಯ ಬ್ರೋಕನ್ ಬೆಟ್ಟದ ಭೂತ ಅನ್ನುತ್ತಾರೆ. ಪಕ್ಕದಲ್ಲಿ ಹತ್ತು ಜನ ನಿಂತರೂ ಪ್ರತಿಯೊಬ್ಬನಿಗೂ ಬಳೆ ಕಾಣುವುದು ತನ್ನ ತಲೆಗೆ ಮಾತ್ರ.

ಒಂಟಿಸಲಗ

ದಿಗಂತ ಸರ್, ಮಂಜು ಅಂದ್ರಿ, ನೆನಪಾಯ್ತು. ಹೇಳಬಾರದು ಅಂತಿದ್ದೆ.

ಒಬ್ಬನೇ ಹೋಗಿದ್ದೆ, ತುದಿ ಮುಟ್ಟಿ ಇಳೀತಿದ್ದೆ. ಐದು ನಿಮಿಷದಲ್ಲಿ ಮಂಜು ಕವಿದು ಚಾಚಿದ ಕೈ ಅಷ್ಟೇ ಕಾಣೋ ಹಾಗಾಯ್ತು. ಫೋನ್ ತೆಗೆದೆ, 40 ಪರ್ಸೆಂಟ್ ಇದ್ದಿದ್ದು ಚಳಿಗೆ ಕಣ್ಣೆದುರೇ ಆಫ್ ಆಯ್ತು. ನೇರಕ್ಕೆ ಹೋದ್ರೆ ದಾರಿ ಸಿಗುತ್ತೆ ಅಂತ ನಡೆದೆ. ಒಂದು ಗಂಟೆ ಆದ್ಮೇಲೆ ಒದ್ದೆ ಮಣ್ಣಲ್ಲಿ ಬೂಟಿನ ಗುರುತು ಸಿಕ್ತು, ಬದುಕಿದೆ ಅಂದ್ಕೊಂಡೆ. ನೋಡಿದ್ರೆ ನಂದೇ. ಅಲ್ಲೇ ಬಂಡೆ ಮರೆಗೆ ಕೂತೆ. ಮೂರು ಗಂಟೆ ಆದ್ಮೇಲೆ ಒಂದು ಗುಂಪು ಮಾತಾಡಿದ್ದು ಕೇಳಿಸ್ತು, ಕೂಗಿದೆ. ಮುಂದೆ ದಿಕ್ಸೂಚಿ ಹಿಡ್ಕೊಂಡು ಒಬ್ಬ ಗೈಡ್ ಇದ್ದ. ಏನೂ ಕೇಳದೆ ನನ್ನ ಸಾಲಿನ ನಡುವೆ ನಿಲ್ಲಿಸ್ಕೊಂಡ.

ಆದ್ರೂ ನಾನು ಗೈಡ್ ಇಟ್ಕೊಳ್ಳಲ್ಲ. ಕಾಗದದ ಮ್ಯಾಪ್, ದಿಕ್ಸೂಚಿ ಇಟ್ಕೊಂಡಿದೀನಿ, ಫೋನ್ ಒಳಜೇಬಲ್ಲಿ ಮೈಗೆ ಅಂಟ್ಕೊಂಡಿರುತ್ತೆ.

ಮೋಡದಾಚೆ

ಹೊಸಬಳು. ಮುಂದಿನ ಸಲ ಹೋಗೋಕೆ ಒಳ್ಳೇ ಗೈಡ್ ಅಂತ ಮೊದಲೇ ತಿಳಿಯೋದು ಹೇಗೆ? ಎಲ್ಲರೂ ಸರ್ಟಿಫೈಡ್ ಅಂತಾರೆ.

ಹಳೇಬೂಟು

ಯಾವುದರ ಸರ್ಟಿಫಿಕೇಟ್ ಅಂತ ಕೇಳಿ ತಾಯಿ. ಹಿಮನದಿ, ಹಗ್ಗ, ಕಡಿದಾದ ಬಂಡೆ ಇರುವ ಕಡೆಗೆ ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಬಿಲ್ಲೆ ಇರುವವರು ಬೇಕು. ಅದು 1965ರಿಂದ ಇದೆ, ಆ ಬಿಲ್ಲೆಗೆ ವರ್ಷಗಟ್ಟಲೆ ತರಬೇತಿ, ಪರೀಕ್ಷೆ. ಕಾಲ್ದಾರಿಯ ಬೆಟ್ಟಗಳಿಗೆ ಮೌಂಟನ್ ಲೀಡರ್ ಅನ್ನುವ ಬೇರೆ ಅರ್ಹತೆ ಇದೆ, ಅವರು ಹಗ್ಗದ ಕೆಲಸಕ್ಕೆ ಇಳಿಯುವುದಿಲ್ಲ. ಎರಡೂ ಒಳ್ಳೆಯವೇ, ಜಾಗ ಬೇರೆ. ಪ್ರಥಮ ಚಿಕಿತ್ಸೆಯ ತರಬೇತಿ ಯಾವ ವರ್ಷದ್ದು ಅಂತಲೂ ಕೇಳಿ.

ಕಾಗದ ಬಿಡಿ, ನನ್ನದೊಂದು ಪ್ರಶ್ನೆ ಇದೆ. "ಕೊನೆಯ ಸಲ ತುದಿ ಮುಟ್ಟದೆ ಯಾವಾಗ ವಾಪಸ್ ಬಂದಿರಿ, ಯಾಕೆ?" ಅಂತ ಕೇಳಿ. "ನಾವು ಯಾವಾಗಲೂ ಮುಟ್ಟಿಸುತ್ತೇವೆ" ಅಂದರೆ ಫೋನ್ ಇಟ್ಟುಬಿಡಿ. ದಿನ, ಗಾಳಿ, ಯಾರಿಗೆ ಏನಾಯಿತು ಅಂತ ವಿವರವಾಗಿ ಹೇಳುವವರ ಜೊತೆ ಹೋಗಿ. ನೀವೂ ನಿಮ್ಮ ಆಸ್ತಮಾ, ಮಂಡಿನೋವು, ಮಾತ್ರೆ ಮುಚ್ಚಿಡಬೇಡಿ. ಗುಟ್ಟಾಗಿ ಹೊತ್ತು ತಂದ ಕಾಯಿಲೆಗಿಂತ ಭಾರದ ಬ್ಯಾಗ್ ನಾನು ಕಂಡಿಲ್ಲ.

ಬೆಚ್ಚನೆ ಪದರ ಒಂದು ಹೆಚ್ಚೇ ಇರಲಿ. ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಗಾಳಿ ಬೀಸಿದರೆ ಇನ್ನೂ ಚಳಿ. ಬೆವರು ಒದ್ದೆ ಅಂಗಿಯಲ್ಲಿ ತುದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ, ಗೊತ್ತಾಗುತ್ತದೆ.

ತುದಿಗಾಲು

ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಅರ್ಧ ಮಾತ್ರ ಹೇಳಿದ್ದೆ. ಹತ್ತದ ಹೆಡ್‌ಲ್ಯಾಂಪ್ ನಂದೇ. ಬ್ಯಾಟರಿ ವರ್ಷದಿಂದ ಒಳಗೇ ಇತ್ತು, ಬಿರುಕು ಬಿಟ್ಟು ಬಿಳಿ ಪುಡಿ ಉದುರ್ತಿತ್ತು. ಗೈಡ್ ಆಗಲೂ ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಅವರಿಗೆ ನಿನ್ನೆ ಮೆಸೇಜ್ ಮಾಡಿದೆ, ತಿರುಗೋ ಟೈಮ್ ಮೊದಲೇ ಹೇಳಬೇಕಿತ್ತು ಅಂತಾನೂ, ಲ್ಯಾಂಪ್ ನಂದು ಅಂತಾನೂ. "ಹೌದು, ಹೇಳಬೇಕಿತ್ತು. ಲ್ಯಾಂಪ್ ಗೊತ್ತಿತ್ತು" ಅಂತ ಉತ್ತರ ಬಂತು. ಮುಂದಿನ ತಿಂಗಳು ಅದೇ ಬೆಟ್ಟ, ಅದೇ ಗೈಡ್. ನಾಲ್ಕೇ ಜನ.

ಹಳೇಬೂಟು

ಹೊರಡುವುದು ಎಷ್ಟಕ್ಕೆ?

ತುದಿಗಾಲು

4:45. ತಿರುಗೋದು 11. ಈ ಸಲ ಬರೆದು ಕಳಿಸಿದಾರೆ.

ಮಂಡಿಚಿಪ್ಪು

ಬ್ಯಾಟರಿ?

ತುದಿಗಾಲು

ಹಾಕಿ ನೋಡಿದೀನಿ ಮೇಡಂ, ಉರೀತಿದೆ. ಬ್ಯಾಗಲ್ಲಿ ಇನ್ನೊಂದು ಜೊತೆ ಇದೆ.